ಇವತ್ತು ಸಾರಾ, ಹುಳಿನಾ, ಬಸ್ಸಾರಾ, ತಂಬುಳಿನಾ? ಕಾಲ ನೋಡಿ ಆರಿಸ್ಕೊಳ್ಳೋದು ಹೇಗೆ

ಅನ್ನಕ್ಕೆ ಇಟ್ಟಾಯ್ತು, ಜೊತೆಗೆ ಏನು ಅನ್ನೋದಕ್ಕೆ ಈಗ ತುಂಬಾ ಮನೆಗಳಲ್ಲಿ ಒಂದೇ ಉತ್ತರ. ಕುಕ್ಕರ್‌ಗೆ ತೊಗರಿಬೇಳೆ ಹಾಕು, ಕ್ಯಾರೆಟ್ಟು ಬೀನ್ಸು ಹೆಚ್ಚಾಕು, ಡಬ್ಬಿಯಿಂದ ಎರಡು ಚಮಚ ಪುಡಿ ಹಾಕು, ಸಾಂಬಾರ್ ಆಯ್ತು. ಜನವರೀಲೂ ಅದೇ, ಮೇ ತಿಂಗಳ ಬಿಸಿಲಲ್ಲೂ ಅದೇ, ಜುಲೈ ಮಳೇಲೂ ಅದೇ. ರುಚಿ ಇರಲ್ಲ ಅಂತ ಹೇಳ್ತಿಲ್ಲ, ಆದ್ರೆ ಹಿಂಗೆ ಮಾಡ್ತಾ ಹೋದ್ರೆ ತರಕಾರಿ ಅಗ್ಗ ಇದ್ದಾಗ ಅದರ ಲಾಭ ಸಿಗಲ್ಲ, ದುಬಾರಿ ಆದಾಗ್ಲೂ ಅದನ್ನೇ ತಂದು ತಿನ್ಬೇಕು, ಮನೇಲಿ ಎಲ್ರಿಗೂ ಬೇಜಾರು ಬೇರೆ. ನಮ್ಮ ಅಡುಗೇಲಿ ಅನ್ನಕ್ಕೆ, ಮುದ್ದೆಗೆ, ರೊಟ್ಟಿಗೆ ನಂಚ್ಕೊಳ್ಳೋಕೆ ಕಲಸ್ಕೊಳ್ಳೋಕೆ ಎಷ್ಟೊಂದು ಬಗೆ ಇದೆ, ಅದ್ರಲ್ಲಿ ಯಾವುದು ಯಾವ ಕಾಲಕ್ಕೆ ಯಾವ ತರಕಾರಿಗೆ ಹೊಂದುತ್ತೆ ಅಂತ ಹೋಲಿಸಿ ಹೇಳ್ತೀನಿ. ರೆಸಿಪಿಗಳು ಎಲ್ಲಾ ಕಡೆ ಸಿಗುತ್ತೆ, ಅದನ್ನ ಇಲ್ಲಿ ಪೂರ್ತಿ ಬರೆಯೋಕೆ ಹೋಗಲ್ಲ.

ನಾವು ಮಾಡೋದು ಸಾಮಾನ್ಯವಾಗಿ ಉಲ್ಟಾ. ಬೆಳಗ್ಗೆನೇ ಹುಳಿ ಮಾಡೋದು ಅಂತ ಡಿಸೈಡ್ ಮಾಡಿ ಆಮೇಲೆ ಅದಕ್ಕೆ ತರಕಾರಿ ಹುಡುಕ್ತೀವಿ. ಮೊದ್ಲು ಮಾರ್ಕೆಟ್ಟಲ್ಲಿ ಯಾವುದು ರಾಶಿ ಬಿದ್ದಿದೆ ನೋಡಿ, ತಳ್ಳುಗಾಡಿಯವ್ರು ಯಾವುದನ್ನ ಕೂಗಿ ಮಾರ್ತಿದಾರೆ ಕೇಳಿ, ಹಾಪ್‌ಕಾಮ್ಸ್ ಮುಂದೆ ಹಾಕಿರೋ ರೇಟ್ ಬೋರ್ಡ್ ಮೇಲೆ ಕಣ್ಣು ಹಾಯ್ಸಿ, ಆ ತರಕಾರಿ ತಗೊಂಡು ಬಂದ್ಮೇಲೆ ಅದಕ್ಕೆ ಹುಳಿನೋ ಗೊಜ್ಜೋ ಬಸ್ಸಾರೋ ಅಂತ ಯೋಚ್ನೆ ಮಾಡಿ. ಯಾವುದರ ಜೊತೆ ತಿಂತೀರಿ, ಒಲೆ ಮುಂದೆ ನಿಲ್ಲೋಕೆ ಎಷ್ಟು ಟೈಮ್ ಇದೆ, ಅದೆಲ್ಲಾ ಆಮೇಲಿನ ಮಾತು.

ಸಾರಾ, ಹುಳಿನಾ

ಇವೆರಡಕ್ಕೂ ವ್ಯತ್ಯಾಸ ಅಂದ್ರೆ ನೀರು ಜಾಸ್ತಿ ಕಮ್ಮಿ ಅಷ್ಟೇ ಅಂದ್ಕೊಂಡಿರೋರು ತುಂಬಾ ಜನ, ಹಂಗಲ್ಲ. ನಾಲ್ಕು ಜನಕ್ಕೆ ತಿಳಿಸಾರು ಮಾಡೋಕೆ ಒಂದು ಹಿಡಿ ತೊಗರಿಬೇಳೆ ಸಾಕು, ಸುಮಾರು 50 ಗ್ರಾಂ ಇಟ್ಕೊಳ್ಳಿ, ಹುಳಿಗೆ ಅದರ ಎರಡು ಮೂರು ಪಟ್ಟು ಬೇಕು. ಪುಡೀನೂ ಬೇರೆ. ಸಾರಿನ ಪುಡೀಲಿ ಧನಿಯಾ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಚೂರು ಮೆಂತ್ಯ, ಸಾಸಿವೆ, ಕರಿಬೇವು, ಇಂಗು ಇಷ್ಟೇ, ಅದಕ್ಕೇ ಸಾರು ತಿಳಿಯಾಗಿ ಬರೋದು. ಹುಳಿಪುಡಿಗೆ ಕಡ್ಲೆಬೇಳೆ ಉದ್ದಿನಬೇಳೆ ಹುರಿದು ಹಾಕಿರ್ತಾರೆ, ಕೆಲವ್ರು ಚಕ್ಕೆ, ಕೊಬ್ಬರಿನೂ ಹಾಕ್ತಾರೆ, ಕುದಿಯುವಾಗ ಗಟ್ಟಿ ಮಾಡೋದು ಆ ಬೇಳೆ ಪುಡಿನೇ. ಹುಳಿಪುಡೀಲಿ ಸಾರು ಮಾಡಿದ್ರೆ ತಳದಲ್ಲಿ ಗಸಿ ಕೂರುತ್ತೆ, ಕುಡಿಯೋಕೆ ಚೆನ್ನಾಗಿರಲ್ಲ. ಮೆಣಸಿನಕಾಯಿ ಎರಡಕ್ಕೂ ಬ್ಯಾಡಗಿನೇ ಇರ್ಲಿ, ಬಣ್ಣ ಜಾಸ್ತಿ ಖಾರ ಕಮ್ಮಿ, 2011ರಲ್ಲಿ ಜಿಐ, ಅಂದ್ರೆ ಇದು ಈ ಊರಿನದೇ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿರೋ ಮೆಣಸಿನಕಾಯಿ ಅದು, ಖಾರ ಬೇಕು ಅನ್ನೋರು ಅದರ ಜೊತೆ ಒಂದೆರಡು ಗುಂಟೂರು ಸೇರಿಸ್ಕೊಳ್ಳಿ.

ಸಾರು ಯಾವಾಗ ಅಂದ್ರೆ ಮನೇಲಿ ತರಕಾರಿ ಇಲ್ದಾಗ, ಸುಸ್ತಾಗಿ ಬಂದಾಗ, ಹೊಟ್ಟೆ ಸರಿ ಇಲ್ದಾಗ, ಇಲ್ಲಾ ಪಲ್ಯನೇ ಭರ್ಜರಿ ಇದ್ದಾಗ. ಬೇಳೆ ಬೆಂದಿದ್ರೆ ಹತ್ತು ನಿಮಿಷದ ಕೆಲ್ಸ. ಜಾಸ್ತಿ ಕುದಿಸ್ಬೇಡಿ, ನೊರೆ ಎದ್ದು ಉಕ್ಕೋಕೆ ಬಂದಾಗ ಇಳಿಸಿ ತುಪ್ಪದ ಒಗ್ಗರಣೆ ಕೊಡಿ, ಪುಡಿ ಘಮ ಹಂಗೇ ಇರುತ್ತೆ.

ಹುಳಿಗೆ ಬೇಕಾಗಿರೋದು ಬೆಂದ್ರೂ ಆಕಾರ ಬಿಡದೇ, ತನ್ನ ರುಚಿನ ಬೇಳೆಗೆ ಬಿಟ್ಟುಕೊಡೋ ತರಕಾರಿ. ನುಗ್ಗೆಕಾಯಿ, ಬದನೆಕಾಯಿ, ಮೂಲಂಗಿ, ಸಿಹಿಗುಂಬಳ, ಮಂಗಳೂರು ಸೌತೆ, ಸಣ್ಣ ಈರುಳ್ಳಿ ಇವೆಲ್ಲ ಹುಳಿಗೆ ಅಂತಲೇ ಹುಟ್ಟಿರೋವು. ನುಗ್ಗೆಕಾಯಿ ಬೇಸಿಗೇಲಿ ರಾಶಿ ಬರುತ್ತೆ, ಅದೇ ನವೆಂಬರ್ ಡಿಸೆಂಬರ್‌ನಲ್ಲಿ ರೇಟ್ ಕೇಳಿದ್ರೆ ಬೇಡಪ್ಪಾ ಅನ್ಸುತ್ತೆ, ಆಗ ಮೂಲಂಗಿ ಎಳೇದು ಚೆನ್ನಾಗಿ ಸಿಗೋ ಟೈಮು, ಅದಕ್ಕೆ ಹೋಗಿ. ಉಡುಪಿ ಕಡೆಯಿಂದ ಯಾರಾದ್ರೂ ಮಟ್ಟುಗುಳ್ಳ ಬದನೆ ತಂದುಕೊಟ್ರೆ ಅದನ್ನ ಪಲ್ಯ ಮಾಡಿ ಹಾಳು ಮಾಡ್ಬೇಡಿ, ಹುಳಿಗೇ ಹಾಕಿ. ಕೋಸು, ಬೀಟ್‌ರೂಟು ಮಾತ್ರ ಹುಳಿಗೆ ಹಾಕೋದು ನನಗೆ ಇಷ್ಟ ಇಲ್ಲ, ಒಂದು ವಾಸನೆ ಬಿಡುತ್ತೆ ಇನ್ನೊಂದು ಇಡೀ ಪಾತ್ರೆನ ಸಿಹಿ ಮಾಡುತ್ತೆ, ಎರಡೂ ಪಲ್ಯಕ್ಕೇ ಸರಿ.

ಬೇಳೆ ಬೇಯಲ್ಲ ಅನ್ನೋ ಗೋಳು ತುಂಬಾ ಮನೇಲಿ ಇದೆ, ಅದಕ್ಕೆ ಕುಕ್ಕರ್‌ನ ಬಯ್ಯೋಕೆ ಮುಂಚೆ ಎರಡು ವಿಷಯ ನೋಡಿ. ತೊಗರಿ ಮುಂಗಾರಲ್ಲಿ ಬಿತ್ತಿ ಡಿಸೆಂಬರ್ ಜನವರಿ ಹೊತ್ತಿಗೆ ಕೊಯ್ಯೋ ಬೆಳೆ, ಹೊಸ ಬೇಳೆ ಅದಾದ್ಮೇಲೆ ಅಂಗಡಿಗೆ ಬರುತ್ತೆ, ಬೇಗ ಬೇಯುತ್ತೆ, ಕಲಬುರಗಿ ಕಡೆ ತೊಗರಿ ಸಿಕ್ರಂತೂ ಕೇಳೋದೇ ಬೇಡ, 2019ರಲ್ಲಿ ಅದಕ್ಕೂ ಜಿಐ ಸಿಕ್ಕಿದೆ. ವರ್ಷ ಹಳೇ ಬೇಳೆಗೆ ಒಂದೆರಡು ವಿಷಲ್ ಜಾಸ್ತಿನೇ ಬೇಕು, ನೆನೆಸಿದ್ರೆ ಇನ್ನೂ ಒಳ್ಳೇದು. ಇನ್ನೊಂದು ನೀರು. ಬೋರ್‌ವೆಲ್ ಗಡಸು ನೀರಲ್ಲಿ ಬೇಳೆ ಕಾಳು ಎರಡೂ ನಿಧಾನ, ಬೇಯಿಸೋಕೆ ಮಾತ್ರ ಕುಡಿಯೋ ಫಿಲ್ಟರ್ ನೀರು ಹಾಕಿ ನೋಡಿ. ಹುಣಸೆಹಣ್ಣಿನ ರಸನೂ ತರಕಾರಿ ಬೆಂದ್ಮೇಲೇ ಹಾಕ್ಬೇಕು, ಮೊದ್ಲೇ ಹಾಕಿದ್ರೆ ಹುಳಿ ಅಂಶಕ್ಕೆ ತರಕಾರಿ ಬೇಯದೇ ಗಟ್ಟಿಯಾಗೇ ಕೂತ್ಬಿಡುತ್ತೆ.

ತೊಗರಿ ಬದ್ಲು ಹೆಸರುಬೇಳೆ ಹಾಕ್ಬೋದಾ ಅಂದ್ರೆ ಸಾರಿಗೆ ಹಾಕ್ಬೋದು, ಕುಕ್ಕರ್ ಇಲ್ದೇನೂ ಬೇಗ ಬೇಯುತ್ತೆ, ಹುಷಾರಿಲ್ದಾಗ ಅದೇ ಒಳ್ಳೇದು, ಹುಣಸೆ ಬದ್ಲು ನಿಂಬೆಹಣ್ಣು ಹಿಂಡಿ. ಹುಳಿಗೆ ಬೇಡ, ಅಂಟಂಟಾಗುತ್ತೆ.

ಸೊಪ್ಪು ತಂದ್ರೆ ಏನು ಮಾಡೋದು

ಸೊಪ್ಪಿನ ವಿಷ್ಯ ಬಂದ್ರೆ ನಾನು ಸ್ವಲ್ಪ ಪಕ್ಷಪಾತಿ, ಮೊದ್ಲೇ ಹೇಳ್ಬಿಡ್ತೀನಿ, ನನಗೆ ಬಸ್ಸಾರಿನ ಮುಂದೆ ಮಿಕ್ಕಿದ್ದೆಲ್ಲಾ ಆಮೇಲೆ. ಆದ್ರೂ ಮೂರನ್ನೂ ಹೋಲಿಸ್ತೀನಿ.

ಮಸ್ಸೊಪ್ಪು ತುಂಬಾ ಸುಲಭ. ಬೇಳೆ, ಸೊಪ್ಪು, ಟೊಮೆಟೊ, ಹಸಿಮೆಣಸಿನಕಾಯಿ ಎಲ್ಲಾ ಒಟ್ಟಿಗೆ ಕುಕ್ಕರ್‌ಗೆ, ಆಮೇಲೆ ಮಸೆದು ಬೆಳ್ಳುಳ್ಳಿ ಒಗ್ಗರಣೆ. ಅರ್ಧ ಗಂಟೇಲಿ ಊಟಕ್ಕೆ ಕೂರ್ಬೋದು. ಇದಕ್ಕೆ ಮೆತ್ತಗಿನ ಸೊಪ್ಪು ಬೇಕು, ಪಾಲಕ್, ಚಕ್ಕೋತ ಸೊಪ್ಪು, ಎಳೇ ಹರಿವೆ, ಬೆರಕೆ ಸೊಪ್ಪು. ದಂಟು ಬಲಿತಿರೋ ಸೊಪ್ಪು ಹಾಕಿದ್ರೆ ನಾರು ಬಾಯಿಗೆ ಸಿಗುತ್ತೆ. ಸೊಪ್ಪು ಬಿಡಿಸೋಕೆ ಟೈಮ್ ಇಲ್ಲ, ಆಫೀಸಿಂದ ಲೇಟಾಗಿ ಬಂದ್ರಿ ಅಂದ್ರೆ ಇದೇ ಮಾಡಿ.

ಬಸ್ಸಾರಿಗೆ ಕೆಲ್ಸ ಜಾಸ್ತಿ, ಆದ್ರೆ ಒಂದೇ ಪಾತ್ರೆ ಬೇಯಿಸಿದ್ದಕ್ಕೆ ಎರಡು ಅಡುಗೆ ಸಿಗುತ್ತೆ. ತೊಗರಿಬೇಳೆನೋ ಹೆಸರುಕಾಳೋ ಅಲಸಂದೆನೋ ತೆರೆದ ಪಾತ್ರೇಲಿ ಮುಕ್ಕಾಲು ಬೇಯಿಸಿ, ದಂಟೋ ಕೀರೆನೋ ಸಬ್ಬಸಿಗೆನೋ ಹಾಕಿ, ಬೆಂದ್ಮೇಲೆ ಕಟ್ಟು, ಅಂದ್ರೆ ಬೇಯಿಸಿದ ನೀರು, ಬಸಿದಿಟ್ಕೊಳ್ಳೋದು. ಹುರಿದ ಈರುಳ್ಳಿ ಬೆಳ್ಳುಳ್ಳಿ, ಜೀರಿಗೆ ಮೆಣಸು, ಖಾರದ ಪುಡಿ, ಕಾಯಿ, ಹುಣಸೆ, ಅದರ ಜೊತೆ ಬೆಂದ ಸೊಪ್ಪು ಬೇಳೆ ಒಂದು ಹಿಡಿ ಸೇರಿಸಿ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದ್ರೆ ಸಾರು, ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದ್ರೆ ಪಲ್ಯ. ಸೊಪ್ಪು ಬೇಯಿಸಿ ನೀರು ಚೆಲ್ಲಿದ್ರೆ ಅದರ ಜೊತೆ ಸತ್ವನೂ ಚರಂಡಿಗೆ ಹೋಗುತ್ತೆ, ಇಲ್ಲಿ ಆ ನೀರೇ ಸಾರು. ಬೇಳೆ ತೀರಾ ಕರಗೋ ಹಂಗೆ ಬೇಯಿಸ್ಬೇಡಿ, ಕುಕ್ಕರ್‌ನಲ್ಲಿ ಮಾಡೋಕೆ ಹೋದೋರು ಎಡವೋದು ಇಲ್ಲೇ, ಕಟ್ಟು ಗಂಜಿ ಥರ ಆಗುತ್ತೆ ಪಲ್ಯ ಮುದ್ದೆ ಆಗುತ್ತೆ. ಬೀನ್ಸ್ ಅಗ್ಗ ಇದ್ದಾಗ ಸೊಪ್ಪಿನ ಬದ್ಲು ಅದನ್ನೇ ಸಣ್ಣಗೆ ಹೆಚ್ಚಿ ಹಾಕಿದ್ರೂ ಬಸ್ಸಾರು ಸಖತ್ತಾಗಿ ಬರುತ್ತೆ. ಮೆಂತ್ಯ ಸೊಪ್ಪು ಮಾತ್ರ ಬರೀ ಅದೊಂದನ್ನೇ ಹಾಕ್ಬೇಡಿ, ಕಟ್ಟೆಲ್ಲಾ ಕಹಿ, ಬೇರೆ ಸೊಪ್ಪಿನ ಜೊತೆ ಅರ್ಧ ಕಂತೆ ಸಾಕು.

ಮಂಡ್ಯ ಮೈಸೂರು ಕಡೆ ಉಪ್ಸಾರು ಅಂತ ಮಾಡ್ತಾರಲ್ಲ, ಅದೂ ಹೆಚ್ಚುಕಮ್ಮಿ ಇದೇ ಹಾದಿ, ಆದ್ರೆ ಮಸಾಲೆ ಸಾರಿಗೆ ಹಾಕಲ್ಲ. ಬಸಿದ ಕಟ್ಟಿಗೆ ಉಪ್ಪಷ್ಟೇ, ಖಾರ ಬೇರೆ ರುಬ್ಬಿಟ್ಟಿರ್ತಾರೆ, ತಟ್ಟೇಲಿ ಯಾರಿಗೆ ಎಷ್ಟು ಬೇಕೋ ಅಷ್ಟು ಕಲಸ್ಕೊಳ್ಳೋದು. ಮನೇಲಿ ಖಾರ ತಿನ್ನದ ಮಕ್ಕಳು, ಬಿಪಿ ಇರೋ ಅಜ್ಜ, ಖಾರ ಇಲ್ದೇ ಊಟ ಸೇರದ ಮಗ ಮೂರು ಜನಾನೂ ಇದ್ರೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ, ಬಿಪಿ ಇರೋರಿಗೆ ಉಪ್ಪು ಹಾಕೋಕೆ ಮುಂಚೆನೇ ಕಟ್ಟು ತೆಗೆದಿಡ್ಬೋದು. ಆ ಖಾರ ಎರಡು ಮೂರು ದಿನ ಫ್ರಿಜ್‌ನಲ್ಲಿ ಇರುತ್ತೆ.

ಮುದ್ದೆಗೆ ಬಸ್ಸಾರು ಉಪ್ಸಾರು ಎರಡೂ ಹೊಂದುತ್ತೆ, ಮಸ್ಸೊಪ್ಪೂ ನಡೆಯುತ್ತೆ, ತಿಳಿಸಾರು ನಡೆಯಲ್ಲ, ಮುದ್ದೆಗೆ ಅಂಟ್ಕೊಳ್ಳೋಕೆ ಸ್ವಲ್ಪ ಮಂದ ಬೇಕು. ರಾಗೀಲಿ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅದ್ರ ಜೊತೆ ಸೊಪ್ಪು, ಕಾಳು, ಹುಣಸೆ ಹುಳಿ ಸೇರಿದ್ರೆ ಒಂದು ಊಟಕ್ಕೆ ಇನ್ನೇನು ಬೇಕು, ಡಯೆಟ್ ಚಾರ್ಟ್ ಅಂತ ದುಡ್ಡು ಕೊಟ್ಟು ಬರೆಸ್ಕೊಂಡು ಬರೋರನ್ನ ನೋಡಿದ್ರೆ ನಗು ಬರುತ್ತೆ.

ಬೇಸಿಗೆ: ತಂಬುಳಿ, ಮಜ್ಜಿಗೆಹುಳಿ, ಅಪ್ಪೆಹುಳಿ, ಗೊಜ್ಜು

ಮಾರ್ಚ್‌ನಿಂದ ಮೇವರೆಗೆ ಒಲೆ ಮುಂದೆ ನಿಲ್ಲೋದೇ ಒಂದು ಶಿಕ್ಷೆ, ಹಾಗಾಗಿ ಈ ಮೂರು ತಿಂಗಳು ಬೇಳೆ ಅಡುಗೆನ ಅರ್ಧಕ್ಕೆ ಇಳಿಸಿ ಅಂತ ನನ್ನ ಸಲಹೆ.

ತಂಬುಳಿಗೆ ಒಲೆ ಬೇಕಾಗಿರೋದು ಎರಡು ನಿಮಿಷ. ಒಂದು ಹಿಡಿ ದೊಡ್ಡಪತ್ರೆ ಎಲೆ, ಜೀರಿಗೆ, ನಾಲ್ಕು ಕಾಳು ಮೆಣಸು ತುಪ್ಪದಲ್ಲಿ ಬಾಡಿಸಿ, ಆರಿದ್ಮೇಲೆ ಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿದ್ರೆ ಮುಗೀತು. ಒಂದೆಲಗ ಆದ್ರೆ ಬಾಡಿಸೋದೂ ಬೇಡ, ಹಸಿಯಾಗೇ ರುಬ್ಬಿ. ಮಲೆನಾಡು ಕರಾವಳಿ ಮನೆಗಳಲ್ಲಿ ಹಿತ್ತಿಲಿಗೆ ಹೋಗಿ ಕೈಗೆ ಸಿಕ್ಕ ಚಿಗುರು ಕಿತ್ತು ತಂದು ತಂಬುಳಿ ಮಾಡ್ತಾರೆ, ಬೆಂಗಳೂರಲ್ಲಿ ಹಿತ್ತಿಲು ಎಲ್ಲಿಂದ ತರೋದು ಅಂತ ಕೇಳ್ತೀರೇನೋ, ದೊಡ್ಡಪತ್ರೆ ಒಂದು ಕಡ್ಡಿ ಕುಂಡಕ್ಕೆ ಚುಚ್ಚಿದ್ರೆ ಸಾಕು ತಾನಾಗೇ ಹಬ್ಬುತ್ತೆ. ಅದೂ ಇಲ್ವಾ, ಅರ್ಧ ಚಮಚ ಮೆಂತ್ಯ ಹುರಿದು ಮಾಡಿ, ಶುಂಠಿಲಿ ಮಾಡಿ, ಬರೀ ಜೀರಿಗೇಲೂ ಆಗುತ್ತೆ. ಹೊಟ್ಟೆ ತುಂಬೋ ಅಡುಗೆ ಅಂತೂ ಅಲ್ಲ, ಬೇಳೆ ಇರಲ್ಲ, ಹಾಗಾಗಿ ಪಕ್ಕದಲ್ಲಿ ಹೆಸರುಬೇಳೆ ಕೋಸಂಬರಿನೋ ಕಾಳಿನ ಪಲ್ಯನೋ ಇರ್ಲಿ.

ಹೊಟ್ಟೆನೂ ತುಂಬ್ಬೇಕು ತಂಪೂ ಇರ್ಬೇಕು ಅಂದ್ರೆ ಮಜ್ಜಿಗೆಹುಳಿ. ಬೂದುಗುಂಬಳ, ಸೌತೆ, ಸೀಮೆಬದನೆ ಥರ ನೀರು ತರಕಾರಿಗಳಿಗೆ ಇದಕ್ಕಿಂತ ಒಳ್ಳೇ ಗತಿ ಇಲ್ಲ, ಹುಳಿಗೆ ಹಾಕಿದ್ರೆ ಸಪ್ಪೆ ಅನ್ಸೋ ಬೂದುಗುಂಬಳ ಮಜ್ಜಿಗೇಲಿ ಎಷ್ಟು ಚೆನ್ನಾಗಿರುತ್ತೆ ನೋಡಿ. ಒಡೆದುಹೋಗುತ್ತೆ ಅಂತ ಹೆದರಿ ಎಷ್ಟೋ ಜನ ಮಾಡೋದೇ ಇಲ್ಲ. ನೆನೆಸಿದ ಕಡ್ಲೆಬೇಳೆನ ಕಾಯಿ, ಹಸಿಮೆಣಸಿನಕಾಯಿ, ಧನಿಯಾ, ಜೀರಿಗೆ ಜೊತೆ ನುಣ್ಣಗೆ ರುಬ್ಬಿ ಹಾಕೋದು ರುಚಿಗೆ ಮಾತ್ರ ಅಲ್ಲ, ಆ ಬೇಳೆ ಹಿಟ್ಟು ಮಜ್ಜಿಗೆ ಒಡೆಯದ ಹಂಗೆ ಹಿಡ್ಕೊಳ್ಳುತ್ತೆ. ತರಕಾರಿ ಮಸಾಲೆ ಎಲ್ಲಾ ಕುದ್ದು ಹಸಿ ವಾಸನೆ ಹೋದ್ಮೇಲೆ ಉರಿ ಸಣ್ಣ ಮಾಡಿ ಮಜ್ಜಿಗೆ ಹಾಕಿ, ಕೈಯಾಡ್ಸ್ತಾ ಇರಿ, ಉಕ್ಕೋಕೆ ಶುರು ಆದ ತಕ್ಷಣ ಆಫ್. ಹುಳಿ ಮಜ್ಜಿಗೆ ಬೇಕು, ಬೇಸಿಗೇಲಿ ಅದಕ್ಕೇನು ಬರ ಇಲ್ಲ, ನಿನ್ನೆ ಮೊಸರು ಇವತ್ತು ಹುಳಿಯಾಗೇ ಇರುತ್ತೆ.

ಯುಗಾದಿ ಹೊತ್ತಿಗೆ ಮಾವಿನಕಾಯಿ ಬಂತಲ್ಲ, ಆಗ ಉತ್ತರ ಕನ್ನಡದವ್ರ ಅಪ್ಪೆಹುಳಿ ಒಮ್ಮೆ ಮಾಡಿ. ಹುಳಿ ಮಾವಿನಕಾಯಿ ಬೇಯಿಸಿ ಕಿವುಚಿ, ನೀರು ನೀರಾಗಿ ಮಾಡಿ, ಉಪ್ಪು ಬೆಲ್ಲ, ಹಸಿಮೆಣಸಿನಕಾಯಿ, ಇಂಗಿನ ಒಗ್ಗರಣೆ. ಅನ್ನಕ್ಕೂ ಆಗುತ್ತೆ, ಲೋಟದಲ್ಲಿ ಹಾಕ್ಕೊಂಡು ಕುಡಿಯೋಕೂ ಆಗುತ್ತೆ, ಮಧ್ಯಾಹ್ನ ಊಟ ಆದ್ಮೇಲೆ ಒಂದು ಲೋಟ ಕುಡಿದ್ರೆ ನಿದ್ದೆ ಗ್ಯಾರಂಟಿ. ಪೇಟೇಲಿ ಸಿಗೋ ತೋತಾಪುರಿ ಇದಕ್ಕೆ ಸಾಲದು, ಹುಳಿ ಕಮ್ಮಿ.

ಗೊಜ್ಜು ಇವೆಲ್ಲಕ್ಕಿಂತ ಬೇರೆ ಜಾತಿ. ಸಿಹಿ ಹುಳಿ ಖಾರ ಮೂರೂ ಎದ್ದು ಕಾಣ್ಬೇಕು, ಬೇಳೆ ಇರಲ್ಲ, ಒಂದೆರಡು ಚಮಚದಲ್ಲಿ ಒಂದು ತಟ್ಟೆ ಅನ್ನ ಕಲಸ್ಬೋದು. ತನ್ನದೇ ಗಟ್ಟಿ ರುಚಿ ಇರೋ ತರಕಾರಿಗೆ ಗೊಜ್ಜು, ಹಾಗಲಕಾಯಿ, ಬೆಂಡೆಕಾಯಿ, ಮಾವಿನಕಾಯಿ, ಅನಾನಸ್, ಮಳೆಗಾಲದಲ್ಲಿ ಅಮಟೆಕಾಯಿ. ಟೈಮ್ ಸ್ವಲ್ಪ ಹಿಡಿಯುತ್ತೆ, ಎಣ್ಣೆ ಬಿಡೋವರೆಗೂ ಕುದಿಸ್ಬೇಕು, ಆದ್ರೆ ಒಂದು ಸಲ ಮಾಡಿದ್ರೆ ಎರಡು ಮೂರು ಹೊತ್ತಿಗೆ ಬರುತ್ತೆ. ಒಬ್ರೇ ಇರೋರು, ಪಿಜಿಯಿಂದ ರೂಮ್‌ಗೆ ಶಿಫ್ಟ್ ಆಗಿರೋ ಹುಡುಗ್ರು ಹುಡುಗೀರು ಮೊದ್ಲು ಕಲೀಬೇಕಾಗಿರೋದು ಸಾಂಬಾರ್ ಅಲ್ಲ, ಗೊಜ್ಜು.

ಮಳೆಗಾಲ

ಜೂನ್ ಜುಲೈನಲ್ಲಿ ಸೊಪ್ಪು ಮಣ್ಣು, ಹುಳ, ಕೊಳೆತಿದ್ದು ಎಲ್ಲಾ ಸೇರ್ಕೊಂಡು ಬರುತ್ತೆ, ತೊಳೆದು ತೊಳೆದು ಸಾಕಾಗುತ್ತೆ, ಈ ಎರಡು ತಿಂಗಳು ನಾನು ಸೊಪ್ಪಿನ ಬದ್ಲು ಕಾಳಿನ ಕಡೆ ತಿರುಗ್ತೀನಿ. ಹುರಳಿಕಾಳು ಆಗ ರಾಜ. ಉಷ್ಣ ಅಂತ ಹಿರಿಯರು ಬೇಸಿಗೇಲಿ ಮುಟ್ಟಲ್ಲ, ಆ ಉಷ್ಣ ತಂಪಿನ ಲೆಕ್ಕ ನಂಬೋದು ಬಿಡೋದು ನಿಮ್ಗೆ ಬಿಟ್ಟಿದ್ದು, ಚಳಿ ಮಳೇಲಿ ಹುರಳಿ ಸಾರು ಅನ್ನ ತುಪ್ಪ ತಿಂದೋರಿಗೆ ವಾದ ಬೇಕಾಗಲ್ಲ. ರಾತ್ರಿ ನೆನೆಸಿ, ತೊಗರಿಗಿಂತ ದುಪ್ಪಟ್ಟು ಹೊತ್ತು ಬೇಯಿಸಿ, ಕಟ್ಟು ಬಸಿದು ಸಾರು, ಕಾಳಲ್ಲಿ ಉಸಲಿ. ಮೊಳಕೆ ಬರಿಸಿದ್ರೆ ಬೇಗ ಬೇಯುತ್ತೆ, ಆದ್ರೆ ಕಟ್ಟು ಅಷ್ಟು ಗಾಢ ಬರಲ್ಲ. ಸಾರಿಗಾದ್ರೆ ಬರೀ ನೆನೆಸಿದ್ದು, ಪಲ್ಯಕ್ಕಾದ್ರೆ ಮೊಳಕೆ, ಇದು ನನ್ನ ಲೆಕ್ಕ.

ಕರಾವಳಿ ಕಡೆ ಮಳೆಗಾಲಕ್ಕೆ ಅಂತಲೇ ಬೇಸಿಗೇಲಿ ರೆಡಿ ಮಾಡ್ಕೊಂಡಿರ್ತಾರೆ. ಮಂಗಳೂರು ಸೌತೆನ ಬಾಳೆನಾರಲ್ಲಿ ಕಟ್ಟಿ ಜಂತಿಗೆ ನೇತುಹಾಕಿದ್ರೆ ತಿಂಗಳುಗಟ್ಟಲೆ ಕೆಡಲ್ಲ, ಹಲಸಿನ ಬೀಜನೂ ಮಣ್ಣು ಮೆತ್ತಿ ಎತ್ತಿಟ್ಟಿರ್ತಾರೆ, ಎರಡೂ ಸೇರಿಸಿ ಹುಳಿ ಮಾಡಿದ್ರೆ ಅಂಗಡಿ ತರಕಾರಿ ಮುಖ ನೋಡೋದೇ ಬೇಡ. ಫ್ಲ್ಯಾಟಲ್ಲಿ ಇರೋರು ಜಂತಿ ಹುಡುಕ್ಬೇಡಿ, ಸೌತೆನ ಗಾಳಿಯಾಡೋ ಬುಟ್ಟೀಲಿ ಒಂದಕ್ಕೊಂದು ತಾಗದ ಹಂಗೆ ಇಟ್ರೂ ಸಾಕಷ್ಟು ದಿನ ಬರುತ್ತೆ.

ಕೆಸು, ಕಳಲೆ (ಎಳೇ ಬಿದಿರಿನ ಮೊಳಕೆ) ಸಿಗೋದೂ ಈ ಟೈಮಲ್ಲೇ, ಇವೆರಡರ ಬಗ್ಗೆ ಸ್ವಲ್ಪ ಎಚ್ಚರ. ಕೆಸುವಿನ ಎಲೇಲಿ ಸೂಜಿ ಥರ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರುತ್ತೆ, ಬಾಯಿ ಗಂಟಲು ತುರಿಸೋದು ಅದರಿಂದನೇ, ಹುಣಸೆಹಣ್ಣು ಧಾರಾಳವಾಗಿ ಹಾಕಿ ಚೆನ್ನಾಗಿ ಬೇಯಿಸ್ಬೇಕು, ಇಲ್ಲಿ ಹುಳಿಗೆ ಜುಗ್ಗತನ ಬೇಡ. ಕಳಲೆ ಹಸಿಯಾಗಿ ವಿಷ, ಅದರಲ್ಲಿ ಸಯನೈಡ್ ಬಿಡೋ ಅಂಶ ಇದೆ, ಹೆಚ್ಚಿ ನೀರಲ್ಲಿ ಹಾಕಿ ದಿನಾ ನೀರು ಬದಲಾಯ್ಸ್ತಾ ಎರಡು ಮೂರು ದಿನ ಇಟ್ಟು ಆಮೇಲೆ ಚೆನ್ನಾಗಿ ಬೇಯಿಸಿನೇ ತಿನ್ಬೇಕು. ಅಷ್ಟು ಪುರುಸೊತ್ತು ಇಲ್ಲ ಅಂದ್ರೆ ತರ್ಲೇಬೇಡಿ.

ಚಳಿಗಾಲ ಅಂದ್ರೆ ಅವರೆ

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಳೇ ಮೈಸೂರು ಸೀಮೇಲಿ, ಬೆಂಗಳೂರು ಕೋಲಾರದ ಕಡೆ ಬೇರೆ ತರಕಾರಿಗೆ ಕೆಲ್ಸನೇ ಇಲ್ಲ. ಈಗ ಅವರೆ ವರ್ಷ ಪೂರ್ತಿ ಸಿಗುತ್ತಲ್ಲ ಅಂತೀರಾ, ಸಿಗುತ್ತೆ, ನಾಟಿ ಅವರೆ ಹಗಲು ಚಿಕ್ಕದಾಗೋ ಕಾಲದಲ್ಲಿ ಮಾತ್ರ ಹೂ ಬಿಡೋ ಗಿಡ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವ್ರು ಹಗಲಿನ ಲೆಕ್ಕ ಕೇಳದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಅಂತ ತಳಿ ತಂದ್ಮೇಲೆ ಯಾವ ತಿಂಗಳಲ್ಲಾದ್ರೂ ಬೆಳೀಬೋದು ಅಂತಾಯ್ತು. ರೈತರಿಗೆ ಒಳ್ಳೇದಾಯ್ತು, ಅದರ ಬಗ್ಗೆ ತಕರಾರಿಲ್ಲ. ಆದ್ರೆ ತಿನ್ನೋರಿಗೆ ಸೊಗಡು ಬೇಕು ಅಂದ್ರೆ ಚಳಿಗಾಲದ ನಾಟಿ ಅವರೆನೇ ಆಗ್ಬೇಕು. ಕಾಯಿ ಹಿಡ್ಕೊಂಡ್ರೆ ಕೈ ಜಿಗಟು ಜಿಗಟು ಆಗ್ಬೇಕು, ಮೂಸಿದ್ರೆ ಘಂ ಅನ್ಬೇಕು, ಹಂಗಿದ್ರೆ ತಗೊಳ್ಳಿ. ಜೂನ್‌ನಲ್ಲಿ ಅವರೆಕಾಳು ಸಾರು ಮಾಡೋ ಬದ್ಲು ಅಲಸಂದೆನೋ ತಡಗುಣಿನೋ ಹಾಕೋದು ವಾಸಿ.

ತಂದ ಕಾಯೀಲಿ ತೂಕಕ್ಕೆ ಅರ್ಧಕ್ಕಿಂತ ಕಮ್ಮಿ ಕಾಳು ಬರುತ್ತೆ, ಹಿತುಕಿದ್ರೆ ಇನ್ನೂ ಕಮ್ಮಿ, ಇದನ್ನ ಲೆಕ್ಕ ಹಾಕ್ಕೊಂಡೇ ಕೊಂಡ್ಕೊಳ್ಳಿ. ಇಡೀ ಕಾಳು ಸಾರು ಮುದ್ದೆಗೆ, ಸುಲಿಯೋದಷ್ಟೇ ಕೆಲ್ಸ. ಹಿತಕಿದಬೇಳೆ ಅಕ್ಕಿರೊಟ್ಟಿಗೆ, ದೋಸೆಗೆ, ಪೂರಿಗೆ, ಅನ್ನಕ್ಕೆ, ಆದ್ರೆ ರಾತ್ರಿ ನೆನೆಸಿಟ್ಟು ಬೆಳಗ್ಗೆ ಒಂದೊಂದೇ ಹಿತುಕಬೇಕು, ಟಿವಿ ಮುಂದೆ ನಾಲ್ಕು ಕೈ ಸೇರಿದ್ರೆ ಮಾತ್ರ ಆಗೋ ಕೆಲ್ಸ. ಹಿತುಕಿದ್ದು ರೆಡಿ ಸಿಗುತ್ತೆ ಮಾರ್ಕೆಟ್ಟಲ್ಲಿ, ರೇಟ್ ಜಾಸ್ತಿ, ಬೆಳಗ್ಗೆದು ಸಂಜೆ ಹೊತ್ತಿಗೆ ಹುಳಿ ವಾಸನೆ ಬಂದಿರುತ್ತೆ, ಮೂಸಿ ನೋಡಿ ತಗೊಳ್ಳಿ. ಒಬ್ರೇ ಅಡುಗೆ ಮಾಡೋರಾದ್ರೆ ವಾರದ ದಿನ ಇಡೀ ಕಾಳು, ಹಿತಕಿದಬೇಳೆ ಭಾನುವಾರಕ್ಕೆ ಇರ್ಲಿ. ಉಪ್ಪಿಟ್ಟಿಗೂ ಒಂದು ಹಿಡಿ ತೆಗೆದಿಡೋದು ಮರೀಬೇಡಿ.

ರೊಟ್ಟಿ ತಿನ್ನೋರಿಗೆ

ಮೇಲೆ ಹೇಳಿದ್ದೆಲ್ಲಾ ಅನ್ನ ಮುದ್ದೆ ಮನೆಗಳ ಕಥೆ. ಜೋಳದ ರೊಟ್ಟಿಗೆ ತಿಳಿ ಸಾರು ಕೊಟ್ರೆ ಧಾರವಾಡ ವಿಜಯಪುರದವ್ರು ನಿಮ್ಮನ್ನ ಒಂಥರಾ ನೋಡ್ತಾರೆ. ಅಲ್ಲಿ ಗಟ್ಟಿ ಪಲ್ಯ ಬೇಕು. ಮನೇಲಿ ಕಾಯಿಪಲ್ಯ ಏನೂ ಇಲ್ಲ ಅಂದ್ರೆ ಕಡ್ಲೆಹಿಟ್ಟಿನ ಝುಣಕ, ಹತ್ತು ನಿಮಿಷ. ಮೆಂತ್ಯ ಸೊಪ್ಪು ಇದ್ರೆ ಹೆಸರುಬೇಳೆ ಹಾಕಿ ಉದುರುದುರು ಪಲ್ಯ. ಪುಂಡಿ ಸೊಪ್ಪು ಸಿಕ್ರೆ ತೊಗರಿಬೇಳೆ, ಜೋಳದ ನುಚ್ಚು ಹಾಕಿ ಪುಂಡಿಪಲ್ಯ, ಸೊಪ್ಪೇ ಹುಳಿ ಇರೋದ್ರಿಂದ ಹುಣಸೆ ಬೇಡ, ಮಾರನೇ ದಿನ ಇನ್ನೂ ರುಚಿ. ಎಳೇ ಬದನೆಕಾಯಿ ಸಿಕ್ಕಾಗ ಎಣ್ಣೆಗಾಯಿ, ಶೇಂಗಾ, ಗುರೆಳ್ಳು (ಹುಚ್ಚೆಳ್ಳು) ಹುರಿದು ಪುಡಿ ಮಾಡೋದ್ರಲ್ಲೇ ಅರ್ಧ ಗಂಟೆ ಹೋಗುತ್ತೆ, ಆ ಪುಡಿ ಜಾಸ್ತಿ ಮಾಡಿಟ್ಕೊಂಡ್ರೆ ಮುಂದಿನ ಸಲ ಸುಲಭ. ಚಳಿಗಾಲದಲ್ಲಿ ಹಕ್ಕರಕಿ ಸೊಪ್ಪು, ಎಳೇ ಮೂಲಂಗಿ, ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ ಹಸಿಯಾಗೇ ಕಚ್ಕೊಂಡು ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು ಜೊತೆ ರೊಟ್ಟಿ ತಿನ್ನೋ ಊಟ ಇದೆಯಲ್ಲ, ನಿಜ ಹೇಳ್ಬೇಕಂದ್ರೆ ದಕ್ಷಿಣದವ್ರು ನಾವು ಅದರಿಂದ ಕಲೀಬೇಕು, ಎಲ್ಲಾನೂ ಬೇಯಿಸಿನೇ ತಿನ್ಬೇಕು ಅನ್ನೋದು ನಮ್ಮದೊಂದು ಚಟ.

ಹುಳಿಗೆ ಯಾವ ಹುಳಿ

ಹುಣಸೆ ವರ್ಷ ಪೂರ್ತಿ ಸಿಗುತ್ತೆ ಅಂತ ಎಲ್ಲದಕ್ಕೂ ಅದನ್ನೇ ಸುರಿಯೋದು ಬೇಡ. ಹುಣಸೆ ಕೊಯ್ಲು ಬೇಸಿಗೆ ಶುರುವಿನಲ್ಲಿ, ಹೊಸ ಹಣ್ಣು ಕೆಂಪಗೆ ತಿಳಿಯಾಗಿರುತ್ತೆ ಸಾರಿಗೆ ಚೆಂದ, ಹಳೇದು ಕಪ್ಪಾಗುತ್ತೆ, ಗೊಜ್ಜಿಗೆ ಬಣ್ಣ ಬರುತ್ತೆ. ಟೊಮೆಟೊ ಅಗ್ಗ ಇದ್ದಾಗ ಸಾರಿಗೆ ಮಸ್ಸೊಪ್ಪಿಗೆ ಅದನ್ನೇ ಜಾಸ್ತಿ ಹಾಕಿ ಹುಣಸೆ ಬಿಡಿ, ರೇಟ್ ಏರಿದಾಗ ಪೂರ್ತಿ ಹುಣಸೆಗೆ ವಾಪಸ್ ಬನ್ನಿ, ಟೊಮೆಟೊ ಇಲ್ದಿದ್ರೆ ಅಡುಗೆನೇ ಇಲ್ಲ ಅನ್ನೋ ಹಂಗೆ ಆಗ್ಬಾರ್ದು. ಬೇಸಿಗೇಲಿ ಮಾವಿನಕಾಯಿ ಎರಡು ಹೋಳು ಬೇಳೆ ಜೊತೆ ಹಾಕಿದ್ರೆ ಆಯ್ತು. ಕರಾವಳೀಲಿ ಪುನರ್ಪುಳಿ, ಅಂದ್ರೆ ಮುರುಗಲು, ಬೇಸಿಗೆ ಕೊನೇಲಿ ಹಣ್ಣಾಗುತ್ತೆ, ಸಿಪ್ಪೆ ಒಣಗಿಸಿಟ್ರೆ ವರ್ಷ ಪೂರ್ತಿ ಸಾರು, ಅದಕ್ಕೆ ಬೇಳೆನೂ ಬೇಡ. ನಿಂಬೆ ಮಾತ್ರ ಒಲೆಯಿಂದ ಇಳಿಸಿದ್ಮೇಲೆ ಹಿಂಡ್ಬೇಕು, ಕುದಿಸಿದ್ರೆ ಕಹಿ, ವಿಟಮಿನ್ ಸಿ ಕೂಡ ಹೋಗುತ್ತೆ.

ಉಳಿದ್ರೆ

ಎರಡು ಹೊತ್ತಿಗೆ ಒಂದೇ ಸಲ ಮಾಡಿಡೋರು ಇದನ್ನೂ ನೋಡಿ ಆರಿಸ್ಕೊಳ್ಳಿ. ಬಸ್ಸಾರು ಕಾಯಿಸಿದಷ್ಟೂ ರುಚಿ, ಮಾರನೇ ದಿನದ ಬಸ್ಸಾರಿಗೆ ಅಂತಲೇ ಜಾಸ್ತಿ ಮಾಡೋ ಮನೆಗಳಿವೆ. ಸಾರೂ ಪರ್ವಾಗಿಲ್ಲ. ತಂಬುಳಿ ಆ ಹೊತ್ತಿಗೇ ಮುಗೀಬೇಕು, ಮಜ್ಜಿಗೆಹುಳಿ ಮತ್ತೆ ಕಾಯಿಸಿದ್ರೆ ಒಡೆಯುತ್ತೆ, ಹಾಗಾಗಿ ಅಳತೆ ನೋಡಿ ಮಾಡಿ. ಕಾಯಿ ರುಬ್ಬಿ ಹಾಕಿದ್ದು ಯಾವುದೇ ಆಗ್ಲಿ ಬೇಸಿಗೇಲಿ ಹೊರಗಿಟ್ರೆ ಸಂಜೆಗೇ ಹಳಸುತ್ತೆ, ಕಾಯಿ ಹಾಕದ ಹಾಗಲಕಾಯಿ ಗೊಜ್ಜು ಎರಡು ದಿನ ಧಾರಾಳ ಇರುತ್ತೆ. ಆಫೀಸ್ ಡಬ್ಬಿಗೆ ಗೊಜ್ಜನ್ನ ಅಥವಾ ಗಟ್ಟಿ ಮಸ್ಸೊಪ್ಪು, ತಿಳಿಸಾರು ಬ್ಯಾಗೆಲ್ಲಾ ಮಾಡುತ್ತೆ. ರಾತ್ರಿ ಉಳಿದ ಹುಳಿ ಬೆಳಗ್ಗೆ ಹೊತ್ತಿಗೆ ಗಟ್ಟಿಯಾಗಿರುತ್ತೆ, ಅದಕ್ಕೆ ನೀರು ಬೆರೆಸೋ ಬದ್ಲು ಅಕ್ಕಿಹಿಟ್ಟು, ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ ಕಲಸಿ ರೊಟ್ಟಿ ತಟ್ಟಿ, ಉಪ್ಪು ಖಾರ ಎಲ್ಲಾ ಅದ್ರಲ್ಲೇ ಇರುತ್ತೆ, ತಿಂಡಿ ಮುಗೀತು.